ಮರಗಳ ನಡುವಿನ ಮನೆಗೆ ನೀರು ನುಗ್ಗಿದಾಗ: ಒಣಗಿಸುವ ಕೆಲಸದ ಪೂರ್ತಿ ವಿವರ

ಮನೆಯೊಳಗೆ ನಿಂತ ನೀರನ್ನು ಬಳಿದು ಹೊರಹಾಕಲು ಸಾಮಾನ್ಯವಾಗಿ ಒಂದು ದಿನ ಸಾಕು. ಗೋಡೆ, ನೆಲ, ಮರಮಟ್ಟು ಕುಡಿದ ನೀರು ಹೊರಬರಲು ವಾರಗಳು ಬೇಕು, ಇಟ್ಟಿಗೆ ಗೋಡೆಗಾದರೆ ತಿಂಗಳುಗಳೇ ಬೇಕು. ಮನೆ ಹಾಳಾಗುವುದು ಈ ಎರಡನೇ ಅವಧಿಯಲ್ಲಿ. ನೆಲ ಒರೆಸಿ, ಫ್ಯಾನ್ ಹಾಕಿ, ಮುಟ್ಟಿದರೆ ಒಣಗಿದಂತಿದೆ ಎಂದು ಬಣ್ಣ ಹೊಡೆದು ಮುಗಿಸಿದ ಮನೆಯಲ್ಲಿ ಕೆಲವು ತಿಂಗಳಿಗೆ ಬಣ್ಣ ಉಬ್ಬಿ ಸಿಪ್ಪೆ ಏಳುತ್ತದೆ, ಬೀರುವಿನ ಹಿಂದೆ ಬೂಷ್ಟು ಹಬ್ಬುತ್ತದೆ, ಬಾಗಿಲ ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತುತ್ತದೆ.

ಊರಿಂದ ದೂರ, ಮರಗಳ ನಡುವೆ ಇರುವ ಮನೆಗೆ ಈ ಅವಧಿ ಇನ್ನೂ ಉದ್ದ. ನೆರಳಿನಿಂದಾಗಿ ಗೋಡೆಗೆ ಬಿಸಿಲು ಬೀಳುವುದಿಲ್ಲ. ಮರಗಳು ಗಾಳಿಯ ಓಟವನ್ನು ತಡೆಯುತ್ತವೆ, ತಮ್ಮ ಎಲೆಗಳಿಂದ ನೀರಾವಿಯನ್ನೂ ಬಿಡುತ್ತವೆ. ತರಗೆಲೆ ಹೊದ್ದ ನೆಲ ಮಳೆ ನಿಂತು ವಾರವಾದರೂ ಹಸಿಯಾಗಿಯೇ ಇರುತ್ತದೆ. ಕರೆಂಟು ಹೋದರೆ ಬೇಗ ಬರುವುದಿಲ್ಲ, ರಸ್ತೆಗೆ ಮರ ಬಿದ್ದರೆ ನೆರವಿಗೆ ಬರುವವರು ತಲುಪುವುದಿಲ್ಲ. ಬೂಷ್ಟು ಹುಟ್ಟಲು 24ರಿಂದ 48 ಗಂಟೆ ಸಾಕು ಎಂಬುದನ್ನು ನೆನಪಿಟ್ಟರೆ, ಮೊದಲ ಎರಡು ದಿನದ ಕೆಲಸ ಬಹುಪಾಲು ಮನೆಯವರ ಕೈಯಲ್ಲೇ ಇದೆ ಎಂಬುದು ಗೊತ್ತಾಗುತ್ತದೆ.

ಒಳಗೆ ಕಾಲಿಡುವ ಮೊದಲು

ಮೊದಲು ಹೊರಗಿನಿಂದ ಒಂದು ಸುತ್ತು ಬಂದು ನೋಡಿ. ತುಂಡಾಗಿ ಬಿದ್ದ ವಿದ್ಯುತ್ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರದಲ್ಲೇ ನಿಂತು ವಿದ್ಯುತ್ ಇಲಾಖೆಗೆ ತಿಳಿಸಿ; ತಂತಿ ನೀರಿಗೆ ಬಿದ್ದಿದ್ದರೆ ಆ ನೀರಿನ ಹತ್ತಿರವೂ ಹೋಗಬೇಡಿ. ಗೋಡೆಯಲ್ಲಿ ಹೊಸ ಓರೆ ಬಿರುಕು, ಜೋತುಬಿದ್ದ ಮಾಡು, ಮುಚ್ಚಲು ಬಾರದಂತೆ ವಾಲಿದ ಬಾಗಿಲ ಚೌಕಟ್ಟು, ಪಾಯದ ಪಕ್ಕದಲ್ಲಿ ಕೊರೆದು ಹೋದ ಮಣ್ಣು, ಇವುಗಳಲ್ಲಿ ಯಾವುದಿದ್ದರೂ ಎಂಜಿನಿಯರ್ ನೋಡುವವರೆಗೆ ಒಳಗೆ ಹೋಗಬಾರದು.

ಮೇನ್ ಸ್ವಿಚ್ ಇರುವ ಜಾಗಕ್ಕೆ ಒಣ ನೆಲದಲ್ಲಿ ನಡೆದು ಹೋಗಲು ಸಾಧ್ಯವಿದ್ದರೆ ಮಾತ್ರ ಅದನ್ನು ಆಫ್ ಮಾಡಿ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟುವ ಸಾಹಸ ಬೇಡ. ಇನ್‌ವರ್ಟರ್, ಸೋಲಾರ್ ಬ್ಯಾಟರಿ ಇರುವ ಮನೆಯಲ್ಲಿ ಮೇನ್ ಆಫ್ ಆದರೂ ವೈರಿಂಗಿನ ಕೆಲವು ಸಾಲುಗಳಲ್ಲಿ ಕರೆಂಟು ಉಳಿದಿರುತ್ತದೆ. ಹಳ್ಳಿ ಕಡೆಯ ಮನೆಗಳಲ್ಲಿ ಇವು ಸಾಮಾನ್ಯ, ಆದ್ದರಿಂದ ಅವನ್ನೂ ಪ್ರತ್ಯೇಕವಾಗಿ ಕಡಿತಗೊಳಿಸಬೇಕು. ಮುಳುಗಿದ ಸ್ವಿಚ್‌ಬೋರ್ಡ್, ಪ್ಲಗ್, ಎಂಸಿಬಿ (ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದಾಗ ಕಡಿಯುವ ಸ್ವಿಚ್) ಇವುಗಳನ್ನು ಒಣಗಿಸಿ ಮತ್ತೆ ಬಳಸುವಂತಿಲ್ಲ. ಒಳಗೆ ಸೇರಿದ ಕೆಸರು, ತುಕ್ಕು ತಿಂಗಳುಗಳ ನಂತರ ಬೆಂಕಿಗೆ ಕಾರಣವಾಗಬಹುದು. ವೈರಿಂಗ್ ಉಳಿಯಿತೇ ಇಲ್ಲವೇ ಎಂಬುದನ್ನು ಎಲೆಕ್ಟ್ರಿಷಿಯನ್ ಮೆಗ್ಗರ್‌ನಿಂದ (ತಂತಿಯ ಹೊದಿಕೆಯ ನಿರೋಧ ಅಳೆಯುವ ಮಾಪಕ) ಅಳೆದು ಹೇಳಬೇಕು. 500 ವೋಲ್ಟ್‌ನಲ್ಲಿ ಪರೀಕ್ಷಿಸಿದಾಗ ನಿರೋಧ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸಾಲಿಗೆ ಕರೆಂಟು ಕೊಡಬಾರದು.

ಜನರೇಟರ್ ಬಳಸುವವರಿಗೆ ಒಂದು ಮಾತು. ಅದು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಬಯಲಿನಲ್ಲಿ, ಹೊಗೆ ಬಾಗಿಲು ಕಿಟಕಿಗಳ ಕಡೆ ಬಾರದ ದಿಕ್ಕಿಗೆ ಇರಬೇಕು. ಜಗುಲಿ, ಕೊಟ್ಟಿಗೆ, ಅರ್ಧ ತೆರೆದ ಶೆಡ್ ಯಾವುದೂ ಸಲ್ಲದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಜನರೇಟರನ್ನು ಪ್ಲಗ್ ಮೂಲಕ ಮನೆಯ ವೈರಿಂಗ್‌ಗೆ ಸೇರಿಸುವುದೂ ಅಪಾಯ; ಆ ಕರೆಂಟು ಹೊರಗಿನ ಲೈನಿಗೆ ಹರಿದು, ಕಂಬದ ಮೇಲೆ ದುರಸ್ತಿ ಮಾಡುತ್ತಿರುವವರ ಜೀವಕ್ಕೆ ಕುತ್ತಾಗುತ್ತದೆ.

ನೀರು ಏರಿದಾಗ ಹಾವು, ಚೇಳು, ಇಲಿಗಳು ಒಣ ಜಾಗ ಹುಡುಕಿ ಮನೆಯೊಳಗೆ ಸೇರುತ್ತವೆ. ರಾಶಿ ಬಿದ್ದ ಬಟ್ಟೆ, ಮಂಚದ ಅಡಿ, ಅಟ್ಟ, ಕಪಾಟಿನ ಕೆಳಗಿನ ಖಾನೆಗಳಿಗೆ ನೇರವಾಗಿ ಕೈಹಾಕದೆ ಉದ್ದ ಕೋಲಿನಿಂದ ಸರಿಸಿ ನೋಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿ. ಗಂಬೂಟು, ರಬ್ಬರ್ ಕೈಗವಸು ಇಲ್ಲದೆ ಕೆಸರಿಗೆ ಇಳಿಯಬೇಡಿ. ನೀರಿನಲ್ಲಿ ಕೆಲಸ ಮಾಡಿದ ಮೇಲೆ ಜ್ವರ, ಮೈಕೈನೋವು ಬಂದರೆ ವೈದ್ಯರಿಗೆ ಆ ವಿಷಯವನ್ನೂ ಹೇಳಿ.

ಮಾಡಿನ ಮೇಲೆ ಮರ ಬಿದ್ದಿದ್ದರೆ ಅದನ್ನು ಕಡಿಯುವ ಕೆಲಸ ಅನುಭವಿಗಳದ್ದೇ. ಬಾಗಿ ನಿಂತ ಕೊಂಬೆಯಲ್ಲಿ ಬಿಗಿತ ಇರುತ್ತದೆ, ಕೊಯ್ದ ಕ್ಷಣ ಚಿಮ್ಮಿ ಬಡಿಯುತ್ತದೆ. ಬೇರುಸಮೇತ ಕಿತ್ತು ಬಂದ ಮರದ ಕಾಂಡವನ್ನು ಕತ್ತರಿಸಿದರೆ, ಮೇಲೆದ್ದ ಬುಡ ಒಮ್ಮೆಲೇ ಗುಂಡಿಗೆ ವಾಪಸು ಕೂರಬಹುದು. ಆ ಗುಂಡಿಯ ಬಳಿ ಯಾರೂ ನಿಲ್ಲಬಾರದು.

ಬಂದ ನೀರು ಎಂಥದ್ದು?

ಏನನ್ನು ಉಳಿಸಬೇಕು, ಏನನ್ನು ಎಸೆಯಬೇಕು ಎಂಬುದನ್ನು ನೀರಿನ ಜಾತಿ ನಿರ್ಧರಿಸುತ್ತದೆ. ನೆಂದ ಮನೆ ಒಣಗಿಸುವ ಕಸುಬಿನವರು ಮೂರು ದರ್ಜೆ ಮಾಡುತ್ತಾರೆ. ಒಡೆದ ನಲ್ಲಿ, ಟ್ಯಾಂಕಿನ ನೀರು ಮೊದಲನೆಯದು, ಅಂದರೆ ಶುದ್ಧ ನೀರು. ವಾಷಿಂಗ್ ಮೆಷಿನ್, ಬಚ್ಚಲಿನ ನೀರು ಎರಡನೆಯದು. ಶೌಚಾಲಯದಿಂದ ಉಕ್ಕಿದ್ದು, ಹೊಳೆ ಹಳ್ಳದಿಂದ ಬಂದದ್ದು, ನೆಲದ ಮೇಲೆ ಹರಿದು ಒಳಗೆ ನುಗ್ಗಿದ್ದು ಮೂರನೆಯದು. ಕಾಡಂಚಿನ ನೀರು ತಿಳಿಯಾಗಿ ಕಂಡರೂ ಮೂರನೇ ದರ್ಜೆಯದೇ. ಅದರಲ್ಲಿ ಪ್ರಾಣಿಗಳ ಹಿಕ್ಕೆ, ಕೊಳೆತ ಎಲೆ, ಸೆಪ್ಟಿಕ್ ಟ್ಯಾಂಕಿನಿಂದ ಉಕ್ಕಿದ್ದು ಎಲ್ಲವೂ ಬೆರೆತಿರುತ್ತದೆ. ಶುದ್ಧ ನೀರೂ ಎರಡು ದಿನ ನಿಂತರೆ ಕೆಳಗಿನ ದರ್ಜೆಗೆ ಇಳಿಯುತ್ತದೆ.

ಮೂರನೇ ದರ್ಜೆಯ ನೀರಿನಲ್ಲಿ ನೆಂದ ಹಾಸಿಗೆ, ದಿಂಬು, ಕಾರ್ಪೆಟ್, ಸೋಫಾದ ಸ್ಪಂಜು, ಜಿಪ್ಸಮ್ ಬೋರ್ಡ್ (ಒಳಗೋಡೆ, ಚಾವಣಿಗೆ ಹಾಕುವ ಹಲಗೆ), ಗ್ಲಾಸ್‌ವೂಲ್ (ಅದರ ಹಿಂದೆ ತುಂಬುವ ಗಾಜಿನ ಎಳೆಯ ಹತ್ತಿ) ಎಸೆಯಬೇಕು. ಆ ನೀರು ಮುಟ್ಟಿದ ಔಷಧಿ, ಪ್ಯಾಕೆಟ್ ಆಹಾರವೂ ಅಷ್ಟೇ. ಗಟ್ಟಿ ಮರ, ಲೋಹ, ಗಾಜು, ಪಿಂಗಾಣಿಯನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು, ಆಮೇಲೆ ಸೋಂಕುನಿವಾರಕ ಹಚ್ಚಿದರೆ ಉಳಿಯುತ್ತವೆ. ಈ ಕ್ರಮ ಮುಖ್ಯ, ಕೆಸರಿನ ಮೇಲೆ ಸುರಿದ ಬ್ಲೀಚ್ ಕೆಸರಿನಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಎಸೆಯುವ ಮುನ್ನ ಪ್ರತಿ ವಸ್ತುವಿನ ಫೋಟೊ, ಗೋಡೆಯ ಮೇಲೆ ನೀರು ನಿಂತ ಗೆರೆಯ ಫೋಟೊ ತೆಗೆದಿಡಿ, ವಿಮೆ ಪರಿಹಾರಕ್ಕೆ ಅದೇ ಆಧಾರ.

ದಾಖಲೆಪತ್ರ, ಪುಸ್ತಕಗಳನ್ನು ತಕ್ಷಣ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ, ಆಮೇಲೆ ಬಿಡುವಾದಾಗ ಒಂದೊಂದಾಗಿ ಒಣಗಿಸಬಹುದು.

ನೀರು ತೆಗೆಯುವ ಕ್ರಮ

ಬರುವ ನೀರು ನಿಲ್ಲದೆ ಒಳಗಿನ ಕೆಲಸಕ್ಕೆ ಅರ್ಥವಿಲ್ಲ. ಮಾಡು ಸೋರುತ್ತಿದ್ದರೆ ಟಾರ್ಪಾಲು ಹೊದಿಸಿ. ಒಡೆದ ಜಾಗಕ್ಕಷ್ಟೇ ಹೊದಿಸಿದರೆ ಅದರ ಮೇಲಂಚಿನ ಅಡಿಯಲ್ಲೇ ನೀರು ನುಸುಳುತ್ತದೆ. ಟಾರ್ಪಾಲಿನ ಮೇಲಂಚು ಮಾಡಿನ ನೆತ್ತಿಯನ್ನು ದಾಟಿ ಆಚೆ ಬದಿಗೆ 1 ಮೀಟರಿನಷ್ಟಾದರೂ ಇಳಿಯಬೇಕು. ಅಂಚನ್ನು ರೀಪಿಗೆ ಎರಡು ಸುತ್ತು ಸುತ್ತಿ, ರೀಪನ್ನೇ ಮೊಳೆ ಅಥವಾ ಸ್ಕ್ರೂನಿಂದ ಬಿಗಿಯಿರಿ. ಬರೀ ಕಲ್ಲು ಹೇರಿದ ಟಾರ್ಪಾಲು ಮೊದಲ ಗಾಳಿಗೇ ಹಾರಿಹೋಗುತ್ತದೆ.

ನೆಲಮಾಳಿಗೆ ಇದ್ದರೆ ಅವಸರ ಮಾಡಬೇಡಿ. ಸುತ್ತಲಿನ ಮಣ್ಣು ನೀರು ತುಂಬಿ ನಿಂತಿರುವಾಗ ಒಳಗಿನ ನೀರನ್ನು ಒಮ್ಮೆಲೇ ಖಾಲಿ ಮಾಡಿದರೆ ಹೊರಗಿನ ಒತ್ತಡಕ್ಕೆ ಎದುರೊತ್ತಡವೇ ಇಲ್ಲದಂತಾಗಿ ಗೋಡೆ ಒಳಕ್ಕೆ ಬಾಗುತ್ತದೆ, ನೆಲ ಉಬ್ಬುತ್ತದೆ. ಹೊರಗೆ ನಿಂತ ನೀರು ಇಳಿದ ಮೇಲೆ 30 ಸೆಂಟಿಮೀಟರಿನಷ್ಟು ಪಂಪ್ ಮಾಡಿ, ಮಟ್ಟಕ್ಕೆ ಗುರುತು ಹಾಕಿ, ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ನೀರು ಗುರುತಿಗಿಂತ ಮೇಲೆ ಬಂದಿದ್ದರೆ ಇನ್ನೂ ಕಾಲ ಬಂದಿಲ್ಲ ಎಂದೇ ಅರ್ಥ.

ತರಗೆಲೆ, ಕೆಸರು ಪಂಪಿನ ಬಾಯಿಗೆ ಸಿಕ್ಕಿಕೊಳ್ಳುವುದು ಇಂಥ ಜಾಗದ ನಿತ್ಯದ ಕಾಟ. ಪಂಪನ್ನು ತೂತು ಕೊರೆದ ಬಕೆಟ್‌ನಲ್ಲಿಟ್ಟು ಇಳಿಸಿದರೆ ಎಲೆಗಳು ಹೊರಗೇ ನಿಲ್ಲುತ್ತವೆ. ಪೈಪಿನ ತುದಿ ಇಳಿಜಾರಿನ ಕೆಳಗಿರಲಿ, ಮನೆಯ ಪಕ್ಕದಲ್ಲೇ ಬಿಟ್ಟ ನೀರು ಪಾಯದ ದಾರಿ ಹಿಡಿದು ಮರಳಿ ಬರುತ್ತದೆ. ಪಂಪಿಗೆ ಸಿಗದಷ್ಟು ತೆಳುವಾದ ನೀರನ್ನು ವೆಟ್ ವ್ಯಾಕ್ಯೂಮಿನಿಂದ (ನೀರನ್ನೂ ಹೀರುವ ವ್ಯಾಕ್ಯೂಮ್ ಕ್ಲೀನರ್) ಎಳೆಯಿರಿ, 30 ಮಿಲಿಆಂಪಿಯರ್ ಆರ್‌ಸಿಸಿಬಿಯ ರಕ್ಷಣೆಯಿರುವ ಸಾಲಿನಿಂದಲೇ. ಈ ಹಂತದಲ್ಲಿ ದ್ರವವಾಗಿ ಎಳೆದು ತೆಗೆದ ಪ್ರತಿ ಲೀಟರು ಮುಂದೆ ಆವಿಯಾಗಿ ಹೊರಹಾಕಬೇಕಾದ ಲೀಟರಿನ ಲೆಕ್ಕದಿಂದ ಕಳೆಯುತ್ತದೆ, ಹಾಗಾಗಿ ಇಲ್ಲಿ ಕೊಟ್ಟ ಶ್ರಮಕ್ಕೆ ಫಲ ಹೆಚ್ಚು.

ಬಿಚ್ಚದೆ ಒಣಗುವುದಿಲ್ಲ

ಚೆನ್ನಾಗಿಯೇ ಕಾಣುವ ಗೋಡೆಯನ್ನು ಕೊಯ್ಯಲು ಮನಸ್ಸು ಒಪ್ಪುವುದಿಲ್ಲ. ಜಿಪ್ಸಮ್ ಬೋರ್ಡ್ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೆಲದಲ್ಲಿ 5 ಸೆಂಟಿಮೀಟರ್ ನೀರು ನಿಂತಿದ್ದರೆ ಬೋರ್ಡಿನೊಳಗೆ ತೇವ ಅದರ ಹಲವು ಪಟ್ಟು ಎತ್ತರಕ್ಕೆ ಏರಿರುತ್ತದೆ. ಕೊಳಕು ನೀರಾದರೆ ನೀರಿನ ಗೆರೆಗಿಂತ 30ರಿಂದ 60 ಸೆಂಟಿಮೀಟರ್ ಮೇಲೆ ಕೊಯ್ದು, ಹಿಂದಿನ ಗ್ಲಾಸ್‌ವೂಲ್ ಸಮೇತ ತೆಗೆಯಬೇಕು. ಶುದ್ಧ ನೀರಾಗಿ, ಮೊದಲ ದಿನವೇ ಕೈಗೆ ಸಿಕ್ಕಿದ್ದರೆ ಬುಡದ ಪಟ್ಟಿ ಕಳಚಿ, ಅದು ಮುಚ್ಚುತ್ತಿದ್ದ ಜಾಗದಲ್ಲಿ ತೂತು ಕೊರೆದು ಗಾಳಿ ಊದಬಹುದು.

ಎಂಡಿಎಫ್, ಪಾರ್ಟಿಕಲ್ ಬೋರ್ಡಿನ (ಮರದ ನಾರು, ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕಪಾಟುಗಳ ಬುಡ ಒಮ್ಮೆ ಉಬ್ಬಿದರೆ ಮತ್ತೆ ಹಳೆಯ ದಪ್ಪಕ್ಕೆ ಬರುವುದಿಲ್ಲ, ಅವುಗಳ ಮೇಲೆ ಹೊತ್ತು ಕಳೆಯಬೇಡಿ. ನೀರು ತಡೆಯುವ ಅಂಟಿನ ಪ್ಲೈವುಡ್, ಗಟ್ಟಿ ಮರ ಬಹುತೇಕ ಉಳಿಯುತ್ತವೆ. ಕಪಾಟಿನ ಅಡಿಯ ಪಟ್ಟಿ ಕಳಚಿ ನೋಡುವುದನ್ನು ಮರೆಯಬೇಡಿ, ಅಡುಗೆಮನೆಯಲ್ಲಿ ಬೂಷ್ಟು ಶುರುವಾಗುವುದೇ ಅಲ್ಲಿಂದ.

ಇಟ್ಟಿಗೆ, ಕಲ್ಲಿನ ಗೋಡೆಗಳು ನೆಂದರೂ ಕೊಳೆಯುವುದಿಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂಥ ಗೋಡೆಗೆ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಸುಬಿನವರ ಸ್ಥೂಲ ಲೆಕ್ಕ. 23 ಸೆಂಟಿಮೀಟರಿನ ಗೋಡೆಗೆ ಒಂಬತ್ತು ತಿಂಗಳು ಎಂದಾಯಿತು. ಎರಡೂ ಬದಿ ತೆರೆದಿದ್ದರೆ, ಯಂತ್ರದ ನೆರವಿದ್ದರೆ ಬೇಗ ಆಗುತ್ತದೆ. ಸುಣ್ಣದ ಗಾರೆಯ ಮೂಲಕ ತೇವ ಹೊರಬರುತ್ತದೆ. ಸಿಮೆಂಟ್ ಗಿಲಾವಿನ ಮೇಲೆ ಎಣ್ಣೆಬಣ್ಣ ಅಥವಾ ಪ್ಲಾಸ್ಟಿಕ್ ಬಣ್ಣ ಇದ್ದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ನೆಂದ ಎತ್ತರದವರೆಗೆ ಬಣ್ಣ ಕೆರೆದು ತೆಗೆಯಿರಿ, ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬರುವ ಗಿಲಾವನ್ನು ಕೆತ್ತಿ ಹಾಕಿ. ಒಣಗುವಾಗ ಗೋಡೆಯ ಮೇಲೆ ಬಿಳಿ ಉಪ್ಪು ಬಿಡುತ್ತದೆ. ನೀರು ಹೊರಗೆ ಬರುತ್ತಿದೆ ಎಂಬುದಕ್ಕೆ ಅದು ಗುರುತು. ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಎಸೆಯಿರಿ. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಮರದ ಹಲಗೆಯ ನೆಲವನ್ನು ಹತ್ತಿರದಿಂದ ನೋಡಿ. ಹಲಗೆಯ ಅಡಿಭಾಗ ಹೆಚ್ಚು ನೆಂದು ಮೇಲ್ಭಾಗ ಒಣಗಿದಾಗ ಅಡಿ ಹಿಗ್ಗುತ್ತದೆ, ಎರಡು ಅಂಚುಗಳು ಮೇಲೆದ್ದು ನಡು ತಗ್ಗುತ್ತದೆ. ಅಂಗೈ ಆಡಿಸಿದರೆ ಪ್ರತಿ ಜೋಡಣೆಯಲ್ಲೂ ಏಣು ಸಿಗುತ್ತದೆ. ಇದನ್ನು ಕಂಡ ಕೂಡಲೇ ಅನೇಕರು ಉಜ್ಜುವ ಯಂತ್ರ ತರಿಸಿ ಮಟ್ಟ ಮಾಡಿಬಿಡುತ್ತಾರೆ. ತಿಂಗಳುಗಳ ಮೇಲೆ ಅಡಿಭಾಗವೂ ಒಣಗಿ ಕುಗ್ಗಿ ಹಲಗೆ ಸಹಜ ಆಕಾರಕ್ಕೆ ಮರಳುತ್ತದೆ. ಅಂಚುಗಳನ್ನು ಆಗಲೇ ಉಜ್ಜಿ ತೆಗೆದಾಗಿದೆ, ಈಗ ನಡು ಉಬ್ಬಿ ನಿಲ್ಲುತ್ತದೆ. ಕಾದಿದ್ದರೆ ಎಷ್ಟೋ ನೆಲ ತಾನಾಗಿಯೇ ಸಪಾಟಾಗುತ್ತಿತ್ತು. ಕಾಯುವಾಗ ಗೋಡೆ ಪಕ್ಕದ ಒಂದೆರಡು ಸಾಲು ಹಲಗೆ ಎಬ್ಬಿಸಿ ಅಡಿಗೆ ಗಾಳಿ ಹೋಗಲು ದಾರಿ ಮಾಡಿಕೊಡಿ.

ಟೈಲ್ಸ್ ನೆಲ ಒರೆಸಿದ ಕ್ಷಣವೇ ಒಣಗಿದಂತೆ ಕಾಣುತ್ತದೆ, ಅದರ ಅಡಿಯ ಮರಳು ಗಾರೆಯಲ್ಲಿ ನೀರು ಕೂತಿರುತ್ತದೆ. ತೆರೆದ ಕಾಂಕ್ರೀಟ್ ನೆಲ ಒಣಗಿದೆಯೇ ಎಂದು ನೋಡಲು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಅಡಿ ಹನಿಗಟ್ಟಿದ್ದರೆ, ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ನೆಲ ಇನ್ನೂ ಹಸಿ.

ಕಿಟಕಿ ತೆರೆಯಬೇಕೇ, ಮುಚ್ಚಬೇಕೇ?

ನೀರು ಬಂದ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುವುದು ಎಲ್ಲರಿಗೂ ತೋಚುವ ಕೆಲಸ. ಬಯಲಿನಲ್ಲಿ, ಬಿಸಿಲಿದ್ದಾಗ ಅದೇ ಸರಿ. ಮರಗಳ ನಡುವೆ ಲೆಕ್ಕ ಹಾಕಿಯೇ ತೆರೆಯಬೇಕು.

ಒಂದು ಉದಾಹರಣೆ ನೋಡಿ. ಒಳಗೆ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ (ಆ ತಾಪಮಾನದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗಿರುವ ಪಾಲು) ಶೇ 70. ಆ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಹೊರಗೆ ಮಳೆ ನಿಂತ ಸಂಜೆ, ಮರದ ನೆರಳಲ್ಲಿ 24 ಡಿಗ್ರಿ, ಆರ್ದ್ರತೆ ಶೇ 95. ಮೈಗೆ ತಂಪಾಗಿ ಹಿತವೆನಿಸುವ ಈ ಗಾಳಿಯಲ್ಲಿ ಘನಮೀಟರಿಗೆ ಸುಮಾರು 20.7 ಗ್ರಾಂ ನೀರಾವಿ. ಕಿಟಕಿ ತೆರೆದರೆ ಪ್ರತಿ ಘನಮೀಟರ್ ಗಾಳಿಯ ಜೊತೆ ಎರಡೂವರೆ ಗ್ರಾಂಗಿಂತ ಹೆಚ್ಚು ನೀರು ಒಳಗೆ ಬರುತ್ತದೆ, ರಾತ್ರಿಯಿಡೀ. ಮಧ್ಯಾಹ್ನ ಬಿಸಿಲೇರಿ ಹೊರಗಿನ ಗಾಳಿ 30 ಡಿಗ್ರಿ, ಶೇ 50 ಆದರೆ ಅದರಲ್ಲಿ ಇರುವುದು 15 ಗ್ರಾಂ ಮಾತ್ರ. ಆಗ ಎಲ್ಲವನ್ನೂ ತೆರೆದು ಫ್ಯಾನ್ ಹಚ್ಚಬೇಕು. ತಾಪಮಾನ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮಾಪಕಗಳು ಎರಡಿದ್ದರೆ, ಒಂದನ್ನು ಒಳಗೆ ಒಂದನ್ನು ಹೊರಗೆ ಇಟ್ಟು ಈ ತೀರ್ಮಾನ ಮಾಡಬಹುದು. ಮಾಪಕವಿಲ್ಲದಿದ್ದರೆ ಒಂದು ಸ್ಥೂಲ ನಿಯಮ: ಬಿಸಿಲು ಚುರುಕಾಗಿರುವ ಹೊತ್ತಿನಲ್ಲಿ ತೆರೆಯಿರಿ, ಸಂಜೆಯಿಂದ ಇಬ್ಬನಿ ಆರುವವರೆಗೆ ಮುಚ್ಚಿಡಿ.

ಮುಚ್ಚಿದ ಹೊತ್ತಿನಲ್ಲಿ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಓಡಬೇಕು. ಕಿಟಕಿ ತೆರೆದು ಅದನ್ನು ಓಡಿಸಿದರೆ ಇಡೀ ಕಾಡನ್ನೇ ಒಣಗಿಸಲು ಹೊರಟಂತೆ. ಸಾಮಾನ್ಯ ಕಂಪ್ರೆಸರ್ ಯಂತ್ರ 15 ಡಿಗ್ರಿಗಿಂತ ತಂಪಾದ ಕೋಣೆಯಲ್ಲಿ ಸೊರಗುತ್ತದೆ, ಸುರುಳಿಯ ಮೇಲೆ ಮಂಜು ಕಟ್ಟುತ್ತದೆ. ಚಳಿ ಪ್ರದೇಶಕ್ಕೆ ಡೆಸಿಕೆಂಟ್ (ತೇವ ಹೀರುವ ವಸ್ತುವಿನಿಂದ ಕೆಲಸ ಮಾಡುವ) ಬಗೆಯದ್ದೇ ಬೇಕು. ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ಸಾಮಾನ್ಯವಾಗಿ ಬಿಸಿಯಾದ, ತೇವ ತುಂಬಿದ ಗಾಳಿಯಲ್ಲಿ ಅಳೆದದ್ದು. ನಿಮ್ಮ ಕೋಣೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ನೀರು ಬಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಬಕೆಟ್ ತುಂಬಿದೊಡನೆ ಯಂತ್ರ ನಿಂತುಬಿಡುವುದರಿಂದ ಪೈಪು ಜೋಡಿಸಿ ನೀರು ನೇರ ಹೊರಗೆ ಹೋಗುವಂತೆ ಮಾಡಿ.

ಫ್ಯಾನುಗಳ ಕೆಲಸ ಬೇರೆ. ಹಸಿ ಗೋಡೆಗೆ ಅಂಟಿಕೊಂಡು ನಿಂತ ತೇವದ ಪದರವನ್ನು ಅವು ಒಡೆಯುತ್ತವೆ, ಆಮೇಲೆ ಆ ತೇವವನ್ನು ಹೀರುವುದು ಡಿಹ್ಯುಮಿಡಿಫೈಯರ್. ಬರೀ ಫ್ಯಾನ್ ಹಾಕಿದರೆ ನೀರು ನೆಲದಿಂದ ಎದ್ದು ಚಾವಣಿಯಲ್ಲೋ ಬಟ್ಟೆಯ ಬೀರುವಿನಲ್ಲೋ ಕೂರುತ್ತದೆ. ಫ್ಯಾನನ್ನು ನೆಲದ ಮೇಲಿಟ್ಟು ಗಾಳಿ ಗೋಡೆಯ ಬುಡಕ್ಕೆ ಓರೆಯಾಗಿ ಉಜ್ಜಿಕೊಂಡು ಸಾಗುವಂತೆ ತಿರುಗಿಸಿ, 3ರಿಂದ 4 ಮೀಟರಿಗೆ ಒಂದರಂತೆ, ಎಲ್ಲವೂ ಒಂದೇ ಸುತ್ತಿನ ದಿಕ್ಕಿಗೆ. ಚಾವಣಿಯ ಫ್ಯಾನ್ ಗೋಡೆಯ ಬುಡವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬೂಷ್ಟು ಆಗಲೇ ಹಬ್ಬಿರುವ ಕೋಣೆಯಲ್ಲಿ ಮಾತ್ರ ಫ್ಯಾನ್ ಬೇಡ, ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ.

ಕೋಣೆ ಬೆಚ್ಚಗಾದರೆ ಒಣಗುವುದು ಚುರುಕಾಗುತ್ತದೆ ಎಂಬುದು ನಿಜ. ಆದರೆ ಗ್ಯಾಸ್ ಅಥವಾ ಸೀಮೆಎಣ್ಣೆಯ ತೆರೆದ ಒಲೆ ಹಚ್ಚಬೇಡಿ. 1 ಕಿಲೊ ಅಡುಗೆ ಅನಿಲ ಉರಿದಾಗ ಸುಮಾರು 1.6 ಕಿಲೊ ನೀರಾವಿ ಹುಟ್ಟುತ್ತದೆ, ಜೊತೆಗೆ ವಿಷಾನಿಲದ ಭಯ. ವಿದ್ಯುತ್ ಹೀಟರ್ ಬಳಸಿದರೂ ತೇವದ ಗಾಳಿಗೆ ಹೊರಹೋಗುವ ದಾರಿ ಅಥವಾ ಹೀರುವ ಯಂತ್ರ ಇರಬೇಕು. ಗಟ್ಟಿ ಮರದ ಹಳೆಯ ಪೀಠೋಪಕರಣಗಳನ್ನು ಬಿಸಿಲಿಗೋ ಹೀಟರಿನ ಮುಂದೋ ಇಡಬಾರದು, ಮೇಲ್ಮೈ ಬೇಗ ಕುಗ್ಗಿ ಸೀಳುತ್ತದೆ. ನೆರಳಲ್ಲಿ, ನಿಧಾನ ಗಾಳಿಯಲ್ಲಿ ಒಣಗಲಿ.

ಒಣಗಿತು ಎಂದು ಹೇಳಬೇಕಾದದ್ದು ಮೀಟರು

ಅಂಗೈಗೆ ಒಣಗಿದಂತೆ ತೋರುವ ಮರದೊಳಗೆ ಶೇ 25 ತೇವ ಇರಬಹುದು. ಎರಡು ಸೂಜಿಗಳನ್ನು ಚುಚ್ಚಿ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಈ ಕೆಲಸದಲ್ಲಿ ಬೇರೆಲ್ಲ ಸಲಕರಣೆಗಿಂತ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ನೀರು ಮುಟ್ಟದ ಕೋಣೆಯ ಅದೇ ಜಾತಿಯ ಮರವನ್ನು ಅಳೆಯಿರಿ, ಅದೇ ನಿಮ್ಮ ಗುರಿ. ಗಾಳಿಯ ಆರ್ದ್ರತೆ ಶೇ 65 ಇರುವಲ್ಲಿ ಮರ ಸುಮಾರು ಶೇ 12ರಲ್ಲಿ ನಿಲ್ಲುತ್ತದೆ, ಶೇ 80 ಇರುವಲ್ಲಿ ಸುಮಾರು 16ರಲ್ಲಿ, ಶೇ 90ರಲ್ಲಿ 20ರ ಆಸುಪಾಸಿನಲ್ಲಿ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಬೇರೂರಲು ಶೇ 26ರಿಂದ 30ರಷ್ಟು ತೇವ ಬೇಕು. ಆದ್ದರಿಂದ ಬಿಚ್ಚಿದ್ದನ್ನು ಮತ್ತೆ ಮುಚ್ಚುವ ಮುನ್ನ ಪ್ರತಿ ತೊಲೆ, ಪಕಾಸಿ, ಚೌಕಟ್ಟು ಶೇ 20ಕ್ಕಿಂತ ಕೆಳಗೆ, ಸಾಧ್ಯವಾದರೆ ಶೇ 15ರ ಹತ್ತಿರ ಬರಬೇಕು.

ಗೋಡೆಗೆ ಇದೇ ಮೀಟರ್ ಚುಚ್ಚಿದಾಗ ಬರುವ ಅಂಕಿಯನ್ನು ಶೇಕಡಾ ಎಂದು ಓದಬಾರದು, ಅದು ಮರಕ್ಕೆ ಹೊಂದಿಸಿದ ಮಾಪಕ. ಒಣ ಗೋಡೆಗೆ ಹೋಲಿಸಲು ಮಾತ್ರ ಉಪಯೋಗ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ ಮೇಲೂ ಅಂಕಿ ಹೆಚ್ಚೇ ತೋರಿಸುತ್ತದೆ.

ಅಳೆಯುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ, ದಿನಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಿ. ಅಂಕಿ ದಿನದಿನಕ್ಕೂ ಇಳಿಯುತ್ತಿದ್ದರೆ ವ್ಯವಸ್ಥೆ ಸರಿಯಿದೆ. ಎರಡು ಮೂರು ದಿನ ಒಂದೇ ಕಡೆ ನಿಂತರೆ ಎಲ್ಲೋ ನೀರು ಇನ್ನೂ ಬರುತ್ತಿದೆ, ಇಲ್ಲವೇ ಮುಚ್ಚಿದ ಪದರವೊಂದು ತೆರೆಯದೆ ಉಳಿದಿದೆ.

ಬೂಷ್ಟು ಬಂದೇಬಿಟ್ಟರೆ

1 ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿದ್ದರೆ ಮನೆಯವರೇ ನಿಭಾಯಿಸಬಹುದು. ಎನ್95 ಮುಖಗವಸು, ಕನ್ನಡಕ, ಕೈಗವಸು ಹಾಕಿ, ಮೊದಲು ಸ್ವಲ್ಪ ಒದ್ದೆ ಮಾಡಿ ಆಮೇಲೆ ಸೋಪಿನ ನೀರಿನಿಂದ ಉಜ್ಜಿ ತೆಗೆಯಿರಿ. ಒಣ ಬೂಷ್ಟನ್ನು ಗುಡಿಸಿದರೆ ಅದು ಎದೆಗೆ ಸೇರುತ್ತದೆ. ಮರದ ಮೇಲೆ ಬ್ಲೀಚ್ ಸುರಿಯುವುದರಿಂದ ಬಣ್ಣ ಹೋಗುತ್ತದೆ, ಬೂಷ್ಟಿನ ಎಳೆ ಒಳಗೆ ಉಳಿಯುತ್ತದೆ, ಬ್ಲೀಚಿನಲ್ಲಿರುವ ನೀರು ಮರಕ್ಕೆ ಇನ್ನಷ್ಟು ತೇವ ಕೊಡುತ್ತದೆ. ಬ್ಲೀಚನ್ನು ಆಮ್ಲದ ಕ್ಲೀನರ್ ಜೊತೆಗೋ ಅಮೋನಿಯಾ ಇರುವುದರ ಜೊತೆಗೋ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಬೂಷ್ಟು ತೆಗೆದ ತೊಲೆ, ಪಕಾಸಿಗಳಿಗೆ ಬೋರಾನ್ ದ್ರಾವಣ ಬಳಿಯುವುದು ಒಳ್ಳೆಯದು. ಶಿಲೀಂಧ್ರ, ಗೆದ್ದಲು ಎರಡಕ್ಕೂ ಅದು ತಡೆ, ಮರದಲ್ಲಿ ಅಲ್ಪ ತೇವ ಇದ್ದಾಗಲೇ ಚೆನ್ನಾಗಿ ಒಳಗಿಳಿಯುತ್ತದೆ. ಮಳೆ ಬೀಳುವ ಕಡೆ ಮಾತ್ರ ಬೇಡ, ತೊಳೆದುಹೋಗುತ್ತದೆ.

ಬಾವಿ ಮತ್ತು ಸೆಪ್ಟಿಕ್ ಟ್ಯಾಂಕ್

ನೆರೆನೀರು ಬಾವಿಗೆ ಇಳಿದಿದ್ದರೆ ಆ ನೀರು ಕುಡಿಯಲು ಬಾರದು. ತೆರೆದ ಬಾವಿಯಾದರೆ ಕಸ, ಕೆಸರು ತೆಗೆದು ನೀರು ತಿಳಿಯಾದ ಮೇಲೆ ಕ್ಲೋರಿನ್ ಹಾಕಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು ಎಂದುಕೊಳ್ಳಿ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಶೇ 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 150 ಗ್ರಾಂ, ಒಟ್ಟು ಸುಮಾರು 1.4 ಕಿಲೊ. ಬಕೆಟ್ ನೀರಿನಲ್ಲಿ ಕಲಕಿ, ಗಸಿ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಾವಿಗೆ ಸುರಿಯಿರಿ. ಪಂಪ್ ಹಾಕಿ ಮನೆಯ ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, ಮುಚ್ಚಿ, 12ರಿಂದ 24 ಗಂಟೆ ಬಿಡಿ. ಬಳಿಕ ವಾಸನೆ ಹೋಗುವವರೆಗೆ ನೀರನ್ನು ಹೊರಗೆ ಬಿಟ್ಟುಬಿಡಿ, ಸೆಪ್ಟಿಕ್ ಟ್ಯಾಂಕಿಗೂ ಗಿಡಗಳಿಗೂ ಬೇಡ. ಬಾಯಿ ಬಿಚ್ಚಿ ಹಳೆಯದಾದ ಪೌಡರಿನಲ್ಲಿ ಸತ್ವ ಇರುವುದಿಲ್ಲ, ಹೊಸ ಪ್ಯಾಕೆಟ್ಟನ್ನೇ ಬಳಸಿ. ಪ್ರಯೋಗಾಲಯದಲ್ಲಿ ಕೋಲಿಫಾರ್ಮ್ (ಮಲಿನತೆ ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಆಗುವವರೆಗೆ ಕುದಿಸಿಯೇ ಕುಡಿಯಿರಿ.

ಶೌಚಾಲಯದ ನೀರು ಇಳಿಯದಿದ್ದರೆ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಲು ಅವಸರಿಸಬೇಡಿ. ಸುತ್ತಲಿನ ಮಣ್ಣು ನೀರಿನಿಂದ ತುಂಬಿರುವಾಗ ಖಾಲಿಯಾದ ಟ್ಯಾಂಕ್, ಅದರಲ್ಲೂ ಪ್ಲಾಸ್ಟಿಕ್ ಅಥವಾ ಫೈಬರಿನದು, ತೇಲಿ ಮೇಲೆದ್ದು ಪೈಪುಗಳನ್ನು ಮುರಿಯುತ್ತದೆ. ಮಣ್ಣಿನ ನೀರು ಇಳಿಯುವವರೆಗೆ ಶೌಚಾಲಯವನ್ನು ಆದಷ್ಟು ಕಡಿಮೆ ಬಳಸಿ.

ಮನೆಯ ಸುತ್ತ ಏನು ಬದಲಿಸಬೇಕು

ತರಗೆಲೆ ಕೊಳೆತು ಮಣ್ಣಾಗುತ್ತ ವರ್ಷವರ್ಷಕ್ಕೂ ಮನೆಯ ಸುತ್ತಲಿನ ನೆಲ ಏರುತ್ತದೆ. ನಿಧಾನವಾಗಿ ಆಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟಿದಾಗ ನೆಲದಿಂದ 15 ಸೆಂಟಿಮೀಟರ್ ಮೇಲಿದ್ದ ತೇವ ತಡೆಯುವ ಪದರವನ್ನು ಒಂದು ದಿನ ಆ ಮಣ್ಣು ದಾಟುತ್ತದೆ, ನೆಲದಡಿಯ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಗೋಡೆಯ ಸುತ್ತ ಒಂದು ಮೀಟರ್ ಅಗಲಕ್ಕೆ ಈ ಮಣ್ಣನ್ನು ಕೆರೆದು ತೆಗೆದು, ಗೋಡೆಯಿಂದ ಹೊರಕ್ಕೆ ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿಜಾರು ಸಿಗುವಂತೆ ಮಾಡಿ. ಎಷ್ಟೋ ಮನೆಗಳ ತೇವದ ಸಮಸ್ಯೆ ಇಷ್ಟರಿಂದಲೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಖರ್ಚು ಗುದ್ದಲಿ ಕೆಲಸದ್ದು ಮಾತ್ರ.

ಸೂರಿನ ದೋಣಿಗಳಲ್ಲಿ, ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ಎಲೆ ತುಂಬಿದರೆ ನೀರು ಹಿಮ್ಮೆಟ್ಟಿ ಹೆಂಚಿನ ಅಡಿಗೆ ನುಗ್ಗುತ್ತದೆ. ಮಳೆಗಾಲಕ್ಕೆ ಮುಂಚೆ, ನಡುವೆ ಮತ್ತು ಎಲೆ ಉದುರುವ ಕಾಲದ ಕೊನೆಗೆ ತೆಗೆಸಿ. ದೋಣಿಯಿಂದ ಇಳಿಯುವ ಕೊಳವೆಯ ಬಾಯಿ ಪಾಯದಿಂದ ಕನಿಷ್ಠ 2 ಮೀಟರ್ ಆಚೆ ಇರಲಿ. ಕೊಂಬೆಗಳು ಮಾಡಿನಿಂದ 2ರಿಂದ 3 ಮೀಟರ್ ದೂರವಿದ್ದರೆ ಬಿಸಿಲು, ಗಾಳಿ ಎರಡೂ ಒಳಬರುತ್ತವೆ.

ಇಳಿಜಾರಿನ ಮೇಲ್ಬದಿಯಿಂದ ನೀರು ಬರುವ ಮನೆಗೆ ಜಲ್ಲಿ ತುಂಬಿದ ಕಾಲುವೆ ಬೇಕಾಗುತ್ತದೆ. ಕಾಲುವೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ತೂತಿನ ಪೈಪನ್ನು ತೂತುಗಳು ಕೆಳಮುಖವಾಗಿರುವಂತೆ ಇಟ್ಟು, ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು ಕೊಟ್ಟು, ಸುತ್ತ ತೊಳೆದ ಜಲ್ಲಿ ತುಂಬಿ ಬಟ್ಟೆಯನ್ನು ಮೇಲೆ ಮಡಚಿ ಮುಚ್ಚಬೇಕು. ಮರಗಳ ಬಳಿ ಹಾದುಹೋಗುವ ಭಾಗದಲ್ಲಿ ತೂತಿನ ಪೈಪಿನ ಬದಲು ಗಟ್ಟಿ ಪೈಪು ಹಾಕಿ, ಇಲ್ಲದಿದ್ದರೆ ಬೇರುಗಳು ತೇವ ಹುಡುಕಿ ಒಳನುಗ್ಗಿ ಕೆಲವೇ ವರ್ಷಗಳಲ್ಲಿ ಪೈಪು ಕಟ್ಟಿಹೋಗುತ್ತದೆ. ತಿರುವುಗಳಲ್ಲಿ ಸ್ವಚ್ಛ ಮಾಡುವ ಬಾಯಿ ಬಿಡಿ.

ಇಷ್ಟೆಲ್ಲ ಆದ ಮೇಲೆ ಹೆದರಿ ಸುತ್ತಲಿನ ಮರಗಳನ್ನೆಲ್ಲ ಕಡಿಸುವವರಿದ್ದಾರೆ. ಅದು ಬೇಡ. ಮರದ ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ, ನೆಲದ ನೀರನ್ನು ಹೀರುತ್ತದೆ. ಜೇಡಿಮಣ್ಣಿನಲ್ಲಿ ಪಾಯದ ಪಕ್ಕದ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ, ಅದು ಕುಡಿಯುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಮಣ್ಣು ಹಿಗ್ಗಿ ಪಾಯವನ್ನೇ ಎತ್ತುತ್ತದೆ. ಒಣಗಿದ್ದು, ಬುಡ ಪೊಳ್ಳಾದದ್ದು, ಮನೆಯ ಕಡೆಗೆ ವಾಲಿ ಬುಡದ ಮಣ್ಣು ಬಿರಿದದ್ದು, ಅಣಬೆ ಎದ್ದ ಬೇರಿನದು, ಇಂಥವನ್ನು ಮಾತ್ರ ತಿಳಿದವರಿಗೆ ತೋರಿಸಿ ತೆಗೆಸಿ. ಸೌದೆ ರಾಶಿಯನ್ನು ಗೋಡೆಗೆ ಒರಗಿಸಿ ಪೇರಿಸುವ ರೂಢಿ ಬಿಡಬೇಕು. ಒದ್ದೆ ಸೌದೆಯಿಂದ ಗೆದ್ದಲು ಗೋಡೆಯೊಳಗೆ ದಾರಿ ಮಾಡಿಕೊಂಡು ಚೌಕಟ್ಟು ತಲುಪುತ್ತದೆ. ಮನೆಯಿಂದ 6 ಮೀಟರ್ ಆಚೆ, ನೆಲದಿಂದ ಒಂದು ಗೇಣು ಮೇಲೆ, ಮೇಲೊಂದು ತಗಡು ಹೊದಿಸಿ ಪೇರಿಸಿ.